ಸಕ್ಕರೆ ಅಚ್ಚಿನ ಊರು

ಜಗಳೂರಿನ ಹೆಣ್ಣುಮಕ್ಕಳ ಶಾಲೆಗೆ ನನ್ನನ್ನು ನೇಮಿಸಿದ ಆರ್ಡರು ನ್ಯಾಮತಿಗೆ ಬಂದ ದಿನ ನಮ್ಮ ಮನೆಯಲ್ಲಿ ಸಂತೋಷಪಟ್ಟವಳು ನಾನೊಬ್ಬಳೇ. ಯುದ್ಧದ ಕಾಲ. ಅಪ್ಪನ ಪಾಲಿಗೆ ಹೊನ್ನಾಳಿ ದಾಟಿದರೆ ಪರದೇಶ. ಹತ್ತೊಂಬತ್ತು ವರ್ಷದ ಹುಡುಗಿ ಅಷ್ಟು ದೂರ ಒಬ್ಬಳೇ ಹೋಗಿ ಬಾಡಿಗೆ ಮನೆ ಹಿಡಿಯುವುದೆಂದರೆ ಅವರ ಮರ್ಯಾದೆ ಮೂರಾಬಟ್ಟೆಯಾದಂತೆ. ಅವರು ಬೇಡ ಅಂದರು, ನಾನು ಹೋಗುತ್ತೇನೆ ಅಂದೆ. ಎರಡು ದಿನ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಮಾತಿರಲಿಲ್ಲ. ಹಟದಲ್ಲಿ ನಾನು ಅಪ್ಪನ ಮಗಳೇ.

ಮೂರನೆಯ ದಿನ ಅಡುಗೆಮನೆಯ ಬಾಗಿಲ ಮರೆಯಿಂದ ಅಜ್ಜಿ ಬಾಯಿ ಹಾಕಿದಳು. ಅವಳು ಅಮ್ಮನ ತಾಯಿ. ಅಜ್ಜ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಳು. ಅಳಿಯನೆದುರು ನಿಂತು ಮಾತಾಡುವವಳಲ್ಲ, ಆದರೆ ಬಾಗಿಲ ಮರೆಯಿಂದ ಅವಳು ಆಡಿದ ಮಾತನ್ನು ಅಪ್ಪ ಯಾವತ್ತೂ ತೆಗೆದುಹಾಕಿದ್ದಿಲ್ಲ.

"ಕಳಿಸ್ರಿ ಅಳಿಯಂದ್ರೇ. ಅವಳ ಜೊತೆಗೆ ನಾನು ಹೋಗ್ತೀನಿ. ಅಡಿಗೆ ಮಾಡಾಕೆ ಒಬ್ರು ಬೇಕಲ್ರಿ."

ಅಪ್ಪ ಒಪ್ಪಿದರು. ಅಜ್ಜಿಗೆ ನನ್ನ ಮೇಲೆ ಅಷ್ಟು ಪ್ರೀತಿ ಎಂದು ನಾನು ಉಬ್ಬಿಹೋದೆ. ನಿಜ ಸಂಗತಿ ಬೇರೆಯೇ ಇತ್ತು. ಅವಳ ತವರು ಜಗಳೂರಿನ ಆಚೆಗೆ, ಮೈಸೂರು ಸೀಮೆ ಮುಗಿದು ಮದರಾಸಿನವರ ಸೀಮೆ ಶುರುವಾಗುವ ಗಡಿಯಲ್ಲಿದ್ದ ಒಂದು ಪೇಟೆ. ಇತ್ತು ಎಂದೇ ಹೇಳಬೇಕು. ಅಜ್ಜಿ ಮದುವೆಯಾಗಿ ಬಂದ ಕೆಲವು ವರ್ಷಕ್ಕೆ ಅಲ್ಲಿ ಪ್ಲೇಗು ಬಿತ್ತು. ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು, ಗುಡಿಸಲಿನಿಂದ ಅವರಿವರ ಊರಿಗೆ ಚದುರಿದರು, ಯಾರೂ ವಾಪಸ್ಸು ಹೋಗಲಿಲ್ಲ. ಸುತ್ತಲಿನವರು ಗಾಡಿ ಕಟ್ಟಿಕೊಂಡು ಬಂದು ಕಲ್ಲು, ತೊಲೆ, ಬಾಗಿಲು ಎಲ್ಲ ಹೇರಿಕೊಂಡು ಹೋದರು. ಕಚೇರಿಯ ಪುಸ್ತಕದಲ್ಲಿ ಅದನ್ನು 'ಬೇಚಿರಾಕ್' ಎಂದು ಬರೆದುಕೊಂಡಿದ್ದರು, ಅಂದರೆ ದೀಪ ಹಚ್ಚುವವರಿಲ್ಲದ ಊರು. ಜನರ ಬಾಯಲ್ಲಿ ಅದು ಹಾಳುಪೇಟೆ.

ಅಜ್ಜಿಯ ಒಂದು ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಇನ್ನೊಂದು ಮಸುಕಾಗುತ್ತಿತ್ತು.

"ಈ ಕಣ್ಣು ಪೂರಾ ಮುಚ್ಚೋದ್ರೊಳಗೆ ನಮ್ಮಪ್ಪನ ಮನೆ ಒಂದ್ ಸಲ ನೋಡ್ಬೇಕು ಕಣೇ" ಎಂದು ಅವಳು ನನಗೆ ಹೇಳಿದ್ದು ಬಸ್ಸು ಹತ್ತಿದ ಮೇಲೆ, ನಾನು ವಾಪಸ್ಸು ಇಳಿಸುವಂತಿಲ್ಲ ಎಂದು ಖಾತ್ರಿಯಾದ ಮೇಲೆ.

ಅದು ಇದ್ದಿಲು ಉರಿಸಿ ಓಡಿಸುವ ಬಸ್ಸು. ಏರು ಬಂದ ಕಡೆಯೆಲ್ಲ ನಾವು ಇಳಿಯುತ್ತಿದ್ದೆವು, ಅದು ತಾನೊಂದೇ ಆರಾಮಾಗಿ ಏರುತ್ತಿತ್ತು. ಅಜ್ಜಿಯ ತೊಡೆಯ ಮೇಲೆ ಹಳೇ ಸೀರೆಯಲ್ಲಿ ಸುತ್ತಿದ ಒಂದು ಭಾರದ ಗಂಟು. ಅದರೊಳಗೆ ಸಕ್ಕರೆ ಆರತಿಯ ಮರದ ಅಚ್ಚುಗಳು. ಗೌರಿ ಹುಣ್ಣಿಮೆಯಲ್ಲಿ ನಮ್ಮ ಕಡೆ ಹೆಣ್ಣುಮಕ್ಕಳು ಸಕ್ಕರೆ ಪಾಕವನ್ನು ಅಚ್ಚಿಗೆ ಹೊಯ್ದು ಆನೆ, ಕುದುರೆ, ಗೋಪುರ, ಮಂಟಪ ಮಾಡಿ, ತಟ್ಟೆಯಲ್ಲಿಟ್ಟು, ನಡುವೆ ದೀಪ ಹಚ್ಚಿ ಗೌರಮ್ಮನಿಗೆ ಬೆಳಗುತ್ತಾರೆ. ಆಗಲೋ ಸಕ್ಕರೆ ಕಂಟ್ರೋಲು ಅಂಗಡಿಯಲ್ಲಿ ಚಿಟಿಕೆ ಲೆಕ್ಕದಲ್ಲಿ ಸಿಗುತ್ತಿತ್ತು.

"ಸಕ್ಕರೇನೇ ಇಲ್ಲ, ಅಚ್ಚು ಯಾಕಜ್ಜಿ ಹೊತ್ಕೊಂಡ್ ಬಂದೆ?" ಎಂದು ರೇಗಿದೆ.

"ಸಕ್ಕರೆ ಸಿಕ್ಕ ದಿನ ಅಚ್ಚು ಹುಡ್ಕಾಕೆ ನ್ಯಾಮತಿಗೆ ಹೋಗ್ಲೇನು?" ಅಂದಳು. ಅವಳ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ.

ಜಗಳೂರಿಗೆ ಹೋದ ಮೊದಲನೆಯ ಭಾನುವಾರವೇ ಗಾಡಿ ಮಾಡಿಸಿಕೊಂಡು ಹಾಳುಪೇಟೆಗೆ ಹೋದೆವು. ಅಲ್ಲಿ ಕಂಡದ್ದು ಜಾಲಿಮುಳ್ಳು, ಮಣ್ಣುಗುಡ್ಡೆ, ಒಂದು ಮುಚ್ಚಿಹೋದ ಬಾವಿ. ಅಜ್ಜಿ ಸೀರೆ ಎತ್ತಿ ಕಟ್ಟಿ ಅತ್ತ ಹತ್ತು ಹೆಜ್ಜೆ ಇತ್ತ ಹತ್ತು ಹೆಜ್ಜೆ ಓಡಾಡಿದಳು. ಓಣಿಯ ಗುರುತೂ ಸಿಗಲಿಲ್ಲ. "ಎಲ್ಲಾ ಒಂದೇ ತರ ಕಾಣ್ತೈತಲ್ಲೇ" ಎಂದು ಒಂದೇ ಮಾತು ಆಡಿ ಗಾಡಿ ಹತ್ತಿದಳು. ಆಮೇಲೆ ಒಂದು ವಾರ ನನ್ನನ್ನು ಬೈಯಲೇ ಇಲ್ಲ. ನನಗೆ ಅದೇ ಹೆದರಿಕೆಯಾಯಿತು.

ಹೀಗಿರುವಾಗ ಒಂದು ದಿನ ಡ್ರಾಯಿಂಗ್ ಮೇಷ್ಟ್ರು ನಮ್ಮ ಶಾಲೆಗೆ ಬಂದರು. ಗಂಡುಮಕ್ಕಳ ಮಿಡ್ಲ್ ಸ್ಕೂಲಿನವರು, ಚನ್ನಗಿರಿ ಕಡೆಯವರು, ಐವತ್ತು ದಾಟಿದವರು. ಬೆರಳ ತುದಿಯಲ್ಲಿ ಯಾವಾಗಲೂ ನಶ್ಯ. ಅಮಲ್ದಾರರಿಗೆ ಮ್ಯೂಸಿಯಂ ಮಾಡುವ ಹುಚ್ಚು ಹತ್ತಿತ್ತಂತೆ. ಹಳೇ ಚಾವಡಿಯ ಒಂದು ಕೋಣೆ ಖಾಲಿ ಮಾಡಿಸಿ ಎರಡು ವೀರಗಲ್ಲು, ಒಂದು ಫಿರಂಗಿ ಗುಂಡು, ನಾಲ್ಕು ಹಳೇ ಅಳತೆಯ ಸೇರು ತಂದಿಡಿಸಿದ್ದರು. ಅಷ್ಟಕ್ಕೆ ಕೋಣೆ ತುಂಬಲಿಲ್ಲ. ಮಧ್ಯದಲ್ಲಿ ಹಾಳುಪೇಟೆಯ ಮಾದರಿ ಆಗಬೇಕು, ಊರು ಇದ್ದ ಹಾಗೇ, ಓಣಿ ಓಣಿ, ಮನೆ ಮನೆ, ಗೌರಿ ಹುಣ್ಣಿಮೆಗೆ ಡೆಪ್ಯುಟಿ ಕಮಿಷನರು ಕ್ಯಾಂಪು ಬರುವುದರೊಳಗೆ ಎಂದು ಮೇಷ್ಟ್ರಿಗೆ ಅಪ್ಪಣೆಯಾಗಿತ್ತು.

"ಸರ್ವೇ ನಕ್ಷೆ ಐತಿ. ಅಗಸೆ ಬಾಗಿಲು, ಬಾವಿ, ಎರಡು ಗುಡಿ, ಐದು ಓಣಿ, ಸುಂಕದಕಟ್ಟೆ, ಇಷ್ಟು ಗೆರೆ ಎಳೆದಾರೆ. ಮನೆ ಎಲ್ಲೆಲ್ಲಿದ್ವು, ಎಂಥವಿದ್ವು, ಒಂದೂ ಇಲ್ಲ" ಎಂದು ಮೇಷ್ಟ್ರು ಅಲವತ್ತುಕೊಂಡರು.

ಆ ಮಾತು ನನ್ನ ಕಿವಿಗೆ ಬಿದ್ದದ್ದೇ ತಡ, ಅವರನ್ನು ಮನೆಗೆ ಕರೆದುಕೊಂಡು ಹೋದೆ. ಅಜ್ಜಿ ನಮ್ಮಿಬ್ಬರ ನಡುವೆ ಮೊರ ಇಟ್ಟುಕೊಂಡು ಅಕ್ಕಿ ಕೇರುತ್ತ ಎಲ್ಲ ಕೇಳಿಸಿಕೊಂಡಳು. ಕೊನೆಗೆ ಮೊರ ಕೆಳಗಿಟ್ಟಳು.

"ಊರು ಇದ್ದಂಗೇ ಮಾಡ್ತೀರೇನ್ರಿ? ಎಲ್ಲಾ ಮನೆ?"

"ಎಲ್ಲಾ ಮನೆ ತಾಯಿ."

"ನಮ್ಮನೇನೂ?"

"ನಿಮ್ಮನೇನೇ ಮೊದಲು ಅಂತ ತಿಳ್ಕೊಳ್ರಿ" ಎಂದರು ಮೇಷ್ಟ್ರು, ಪಾಪ, ಒಳ್ಳೆಯ ಮನಸ್ಸಿನಿಂದ.

ನಕ್ಷೆ ಬಿಚ್ಚಿದರು. ಅಲ್ಲಿಂದ ನಮ್ಮ ಗೋಳು ಶುರುವಾಯಿತು. ಅಜ್ಜಿಗೆ ನಕ್ಷೆ ಅಂದರೆ ಬರೀ ಗೆರೆ. "ಬಾವಿಯಿಂದ ಉತ್ತರಕ್ಕೆ ಯಾರ ಮನೆ?" ಎಂದರೆ "ಉತ್ತರ ಯಾವ ಕಡೆ ಅಂತ ನಾನು ಹೆಂಗ್ ಹೇಳ್ಲಿ, ಸೂರ್ಯ ಎಲ್ಲೈತಿ ಇದರಾಗೆ?" ಅನ್ನುತ್ತಿದ್ದಳು. ಒಮ್ಮೆ ಬಳೆಗಾರರ ಮನೆ ಅಗಸೆಯ ಪಕ್ಕ, ಇನ್ನೊಮ್ಮೆ ಗುಡಿಯ ಹಿಂದೆ. ಮೂರು ದಿನ ಸಂಜೆ ಮೇಷ್ಟ್ರು ಬಂದು ಬಂದು ಹೋದರು. ಮೂರನೆಯ ದಿನ ನನಗೆ ತಡೆಯಲಾಗಲಿಲ್ಲ.

"ನಿನ್ನೂರು ನಿನಗೇ ಗೊತ್ತಿಲ್ಲ, ಸುಮ್ನೆ ಅವರ ಹೊತ್ತು ಹಾಳ್ ಮಾಡ್ತೀಯ" ಅಂದುಬಿಟ್ಟೆ. ಆ ಮಾತಿಗಾಗಿ ನನಗೆ ಈಗಲೂ ನಾಚಿಕೆಯಾಗುತ್ತದೆ.

ಅಜ್ಜಿ ಧಡಕ್ಕನೆ ಎದ್ದಳು. "ಗೊತ್ತಿಲ್ಲಾ? ಏಳ್ ವರ್ಷದೋಳಿದ್ದಾಗಿಂದ ಮದುವೆ ಆಗೋ ತನಕ ಊರೆಲ್ಲಾ ಆರತಿಗೆ ಕರೆದೋಳು ನಾನು. ಒಂದ್ ಮನೆ ಬಿಟ್ಟು ಒಂದ್ ಮನೆ ಹಿಂದುಮುಂದಾದ್ರೆ ಜಗಳ ಬೀಳ್ತಿತ್ತು. ಕರೆಯಾಕೆ ಹೊರಟ್ರೆ ನನ್ ಕಾಲಿಗೆ ಗೊತ್ತೈತೆ, ನಿಮ್ಮ ಕಾಗದಕ್ಕೆ ಏನ್ ಗೊತ್ತು?"

ಮೇಷ್ಟ್ರ ನಶ್ಯದ ಕೈ ಮೂಗಿನ ಹತ್ತಿರವೇ ನಿಂತುಬಿಟ್ಟಿತು. "ಹಂಗಾದ್ರೆ ಕರೀರಿ ತಾಯಿ" ಎಂದರು.

ಸಂಗತಿ ಇಷ್ಟು. ಪೇಟೆಯಲ್ಲಿ ಪ್ರತಿ ವರ್ಷ ಗೌರಮ್ಮನನ್ನು ಕೂರಿಸುತ್ತಿದ್ದದ್ದು ಅಜ್ಜಿಯ ಅಪ್ಪನ ಮನೆಯಲ್ಲಿ. ಕೂರಿಸಿದ ಮನೆಯ ಹುಡುಗಿ ಊರಿನ ಎಲ್ಲ ಬಾಗಿಲಿಗೂ ಹೋಗಿ ಕುಂಕುಮ ಕೊಟ್ಟು ಸಂಜೆಯ ಆರತಿಗೆ ಕರೆಯಬೇಕು. ಯಾವ ಮನೆಯಾದ ಮೇಲೆ ಯಾವ ಮನೆ ಎಂಬ ಕ್ರಮ ತಪ್ಪುವಂತಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಮೇಷ್ಟ್ರು ನಮ್ಮ ಆಟದ ಬಯಲಿನಲ್ಲಿ ಸುಣ್ಣದ ಪುಡಿಯಿಂದ ಐದು ಓಣಿ, ಎರಡು ಗುಡಿ, ಬಾವಿ ಎಲ್ಲ ದೊಡ್ಡದಾಗಿ ಎಳೆದರು. ನನ್ನ ಮಕ್ಕಳೆಲ್ಲ ಸ್ಲೇಟು ಹಿಡಿದು ಒಂದು ಕಡೆ ಗುಂಪಾಗಿ ನಿಂತರು. ಅಜ್ಜಿ ಕುಂಕುಮದ ಬಟ್ಟಲು ಹಿಡಿದು ಬಂದಳು. ವಿಧವೆ; ಅಜ್ಜ ಹೋದ ಮೇಲೆ ಅವಳು ಆ ಬಟ್ಟಲು ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಯಾವ ಆರತಿಗೂ ಅವಳನ್ನು ಯಾರೂ ಕರೆಯುತ್ತಿರಲಿಲ್ಲ.

"ಮೊದಲ ಕರೆ ಊರಮ್ಮನಿಗೆ" ಎಂದು ಅಗಸೆಯ ಪಕ್ಕದ ಗುಡಿಯ ಗುರುತಿಗೆ ಕೈಮುಗಿದಳು. ಅಲ್ಲಿಂದ ಎಡಕ್ಕೆ ತಿರುಗಿದಳು. ನಾಲ್ಕು ಹೆಜ್ಜೆ. ನಿಂತಳು. ಕಣ್ಣು ಮುಚ್ಚಿದ್ದಳು.

"ಅಕ್ಕಾರೇ, ಸಂಜೀಕೆ ನಮ್ಮನೆ ಗೌರಮ್ಮನ ಆರತಿಗೆ ಬರ್ರೀ" ಎಂದು ಕೂಗಿದಳು. ಆ ದನಿ ಅಜ್ಜಿಯದಲ್ಲ, ಏಳು ವರ್ಷದ ಹುಡುಗಿಯದು. ಆಮೇಲೆ ತನ್ನ ದನಿಗೆ ಇಳಿದು, "ಇದು ನೀಲಿ ಬಣ್ಣ ಹಾಕೋರ ಮನೆ. ಜಗಲಿ ಮೇಲೆಲ್ಲ ನೀಲಿ. ಕುಂಕುಮ ತಗೊಂಡ ಬೆರಳೂ ನೀಲಿ" ಅಂದಳು. ನಾನು ಒಬ್ಬ ಹುಡುಗಿಯನ್ನು ಓಡಿಸಿ ಅಲ್ಲಿ ನಿಲ್ಲಿಸಿದೆ. ಅವಳು ಸ್ಲೇಟಿನ ಮೇಲೆ 'ನೀಲಿಯವರು' ಎಂದು ಬರೆದುಕೊಂಡು ಮನೆಯಾಗಿ ನಿಂತಳು.

ಹಾಗೆ ಊರು ಏಳುತ್ತ ಹೋಯಿತು. ಎದುರುಬದುರು ಬಾಗಿಲಿದ್ದೂ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರ ಮನೆ. ಅಲ್ಲಿ ಇಬ್ಬರನ್ನೂ ಒಂದೇ ಉಸಿರಿನಲ್ಲಿ ಕರೆಯಬೇಕಂತೆ. ಬಳೆಗಾರರ ಮನೆ, ಕಂಬಳಿ ನೇಯುವವರ ಸಾಲು, ಕಚ್ಚುವ ನಾಯಿಯ ಮನೆ. ನಾಯಿಯ ಮನೆಗೆ ಅಜ್ಜಿ ಆಗಲೂ ದೂರದಿಂದಲೇ ಕರೆದಳು. ಮೊದಮೊದಲು ಕಿಸಿಕಿಸಿ ನಗುತ್ತಿದ್ದ ಮಕ್ಕಳು ಸ್ವಲ್ಪ ಹೊತ್ತಿಗೆ ತಾವೇ ಮನೆಯವರಾಗಿಬಿಟ್ಟರು. "ಬರ್ತೀವಮ್ಮಾ, ನಿಮ್ಮವ್ವ ಹೆಂಗದಾಳೆ?" ಎಂದು ಒಬ್ಬಳು ಕೇಳಿದಳು. "ಚೆನ್ನಾಗದಾಳ್ರೀ" ಎಂದು ಅಜ್ಜಿ ಉತ್ತರ ಕೊಟ್ಟು ಮುಂದಿನ ಮನೆಗೆ ನಡೆದಳು. ಮೇಷ್ಟ್ರು ಹಿಂದೆ ಹಿಂದೆ ಟೇಪು ಹಿಡಿದು ಓಡುತ್ತಿದ್ದರು.

ಸುಂಕದಕಟ್ಟೆ ಬಂತು. ನಮ್ಮ ಸೀಮೆ ಅಲ್ಲಿಗೆ ಮುಗಿಯಿತು, ಸುಣ್ಣದ ಗೆರೆಯೂ ಮುಗಿಯಿತು. ಅಜ್ಜಿ ನಿಲ್ಲಲಿಲ್ಲ.

"ತಾಯೀ, ಅದು ಮದರಾಸಿನವರದು!" ಎಂದು ಮೇಷ್ಟ್ರು ಕೂಗಿದರು.

"ಆಚೆಗೂ ಎರಡು ಮನೆ ಐತಲ್ರಿ. ಕುಂಪಣಿ ಸರ್ಕಾರದೋರು ಅಂತ ಆರತಿಗೆ ಕರೆಯದೇ ಬಿಡಾಕಾಗತ್ತಾ? ಸುಂಕದೋರು ಹಗ್ಗ ಎತ್ತಿ ಹಿಡೀತಿದ್ರು, ನಾನು ಕೆಳಗೆ ನುಸೀತಿದ್ದೆ" ಎಂದು ಅವಳು ಬಗ್ಗಿ ಇಲ್ಲದ ಹಗ್ಗದ ಕೆಳಗೆ ನುಸಿದು ಹೋದಳು. ಮೈಸೂರು ಸರ್ಕಾರದ ಮ್ಯೂಸಿಯಂನಲ್ಲಿ ಪರರಾಜ್ಯದ ಎರಡು ಮನೆ ಇಡಬಹುದೋ ಬಾರದೋ ಎಂದು ಅಮಲ್ದಾರರು ಎರಡು ದಿನ ಯೋಚನೆ ಮಾಡಿ, ಕೊನೆಗೆ ಹಲಗೆಗೆ ಒಂದು ತುಂಡು ಜೋಡಿಸಿಕೊಳ್ಳಲು ಒಪ್ಪಿಗೆ ಕೊಟ್ಟರು.

ಬಸವಣ್ಣನ ಗುಡಿಯ ಹತ್ತಿರದ ಕೊನೆಯ ಮನೆಗೆ ಕರೆದಾಗ ಬಯಲಿನ ತುಂಬ ನನ್ನ ಮಕ್ಕಳು ಊರಾಗಿ ನಿಂತಿದ್ದರು. ಅಜ್ಜಿಯ ಮುಖ ಕೆಂಪಗೆ ಬೆವೆತಿತ್ತು.

"ಆತು. ಎಲ್ಲಾರ್ನೂ ಕರೆದಂಗಾತು. ಇನ್ನು ಮನೆಗೆ ಹೋಗೋದು" ಎಂದವಳೇ ನಮ್ಮ ಬಾಡಿಗೆ ಮನೆಯ ಜಗಲಿಗೆ ಬಂದು ಕೂತು ಒಂದು ತಂಬಿಗೆ ನೀರು ಕುಡಿದಳು. ಮೇಷ್ಟ್ರು ಟೇಪು ಸುತ್ತಿದರು. ನಾನು ಮಕ್ಕಳನ್ನು ಮನೆಗೆ ಕಳಿಸಿದೆ. ಅಷ್ಟು ಜನರಲ್ಲಿ ಒಬ್ಬರಿಗೂ ಏನೂ ಹೊಳೆಯಲಿಲ್ಲ.

ಮನೆಗಳನ್ನು ಮಾಡಿದ್ದು ಅಜ್ಜಿಯ ಸಕ್ಕರೆ ಅಚ್ಚಿನಲ್ಲೇ. ಯುದ್ಧದ ದಿನಗಳಲ್ಲಿ ಕಾಗದಕ್ಕೂ ಬರ. ಅಮಲ್ದಾರರು ಕಚೇರಿಯ ಹಳೇ ರದ್ದಿಯನ್ನು ಬುಟ್ಟಿಗಟ್ಟಲೆ ಕೊಟ್ಟರು. ಅದನ್ನು ನೆನೆಹಾಕಿ, ಮೆಂತ್ಯ ಸೇರಿಸಿ, ಒರಳಿನಲ್ಲಿ ರುಬ್ಬಿ, ಮಂಟಪದ ಅಚ್ಚಿಗೆ ಒತ್ತಿ ಬಿಸಿಲಿಗೆ ಇಡುತ್ತಿದ್ದೆವು. ಹೆಂಗಸರು ಕಾಗದದ ಬುಟ್ಟಿ ಮಾಡುವ ರೀತಿಯೇ. ರುಬ್ಬುವ ಮೊದಲು ಮಕ್ಕಳು ಚೂರುಗಳನ್ನು ಓದಿ ಬಿದ್ದು ಬಿದ್ದು ನಗುತ್ತಿದ್ದರು; ಯಾರದೋ ಎಮ್ಮೆ ಯಾರದೋ ಜೋಳ ಮೇಯ್ದ ಅರ್ಜಿ ನೀಲಿಯವರ ಮನೆಯ ಗೋಡೆಯಾಯಿತು. ಇಡೀ ಶಾಲೆಗೆ ಮೆಂತ್ಯದ ವಾಸನೆ. ನನ್ನ ಸೀರೆಗೂ ಅದೇ ವಾಸನೆ, ಕನಸಿಗೂ ಅದೇ.

ಮೊದಲ ಹತ್ತು ಮನೆಗೆ ಮೇಷ್ಟ್ರು ಇಳಿಜಾರು ಮಾಡು ಕೂರಿಸಿ, ಮೇಲೆ ಹೆಂಚಿನ ಗೆರೆ ಬರೆದು, ತಮ್ಮೂರಿನಿಂದ ತರಿಸಿದ, ಅಡಿಕೆ ಬೇಯಿಸಿದ ಚೊಗರು ಬಳಿದು ಕೆಂಪಗೆ ಮಾಡಿ ಹೆಮ್ಮೆಯಿಂದ ಒಂದನ್ನು ಅಜ್ಜಿಗೆ ತೋರಿಸಲು ತಂದರು. ಅಜ್ಜಿ ಅದನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದಳು.

"ಇದು ಯಾವೂರಿನ ಮನೆ?"

"ನಿಮ್ಮೂರಿಂದೇ."

"ನಮ್ಮೂರಾಗೆ ಇಷ್ಟು ಇಳಿಜಾರು ಮಾಡಿ ಹೆಂಚು ಹಾಕಾಕೆ ಮಳೆ ಎಲ್ಲಿ ಬೀಳ್ತೈತ್ರಿ? ಮಣ್ಣಿನ ಮಾಳಿಗೆ ಮಾಡ್ರಿ, ಚಪ್ಪಟೆಗೆ. ಮ್ಯಾಲೆ ಮೆಣಸಿನಕಾಯಿ ಒಣಗ್ಸಾಕೆ ಬರಂಗಿರ್ಬೇಕು. ನಡುವೆ ಒಂದು ಬೆಳಕಿಂಡಿ ಬಿಡ್ರಿ, ಇಲ್ಲಾಂದ್ರೆ ಒಳಗಿನೋರು ಕತ್ತಲಾಗೆ ಕೂರ್ಬೇಕು."

ಮೇಷ್ಟ್ರು ಹತ್ತೂ ಮಾಡನ್ನು ಕಿತ್ತರು. ಪ್ರತಿ ಮಾಳಿಗೆಗೂ ಕಡ್ಡಿಯಿಂದ ಒಂದೊಂದು ಬೆಳಕಿಂಡಿ ಕೊರೆಯುವ ಕೆಲಸ ನನ್ನ ಪಾಲಿಗೆ ಬಂತು. ಉಳಿದ ಚೊಗರು ಬಳಿದ ಮೇಲೆ ಗೋಡೆಗಳು ಕೆಮ್ಮಣ್ಣಿನವೇ ಅನ್ನುವಂತೆ ಕಂಡವು.

ಹಲಗೆಯ ಮೇಲೆ ಊರನ್ನು ಜೋಡಿಸುವಾಗ ಮಾತ್ರ ಅಜ್ಜಿ ಚಾವಡಿಯ ಕಡೆಗೆ ಕಾಲಿಡಲಿಲ್ಲ. "ಪೂರಾ ಆದ್ಮೇಲೆ ಬರ್ತೀನಿ. ಅರ್ಧ ಕಟ್ಟಿದ ತವರಿಗೆ ಯಾರಾದ್ರೂ ಹೋಗ್ತಾರೇನು?" ಅಂದಳು.

ಇದೇ ದಿನಗಳಲ್ಲಿ ನಮ್ಮ ಮನೆಯಲ್ಲಿ ಒಂದು ಕಳ್ಳತನ ನಡೆಯುತ್ತಿತ್ತು. ರೇಷನ್ ಸಕ್ಕರೆ ತಂದ ಮಾರನೆಯ ದಿನವೇ ಡಬ್ಬಿ ಖಾಲಿ. ಅಜ್ಜಿ ಕಾಫಿಗೆ ಬೆಲ್ಲ ಹಾಕಿ ಕೊಡುತ್ತಿದ್ದಳು. ಬೆಲ್ಲದ ಕಾಫಿ ಕುಡಿದು ನನ್ನ ಸಿಟ್ಟು ಇನ್ನೂ ಹೆಚ್ಚುತ್ತಿತ್ತು. ಕೇಳಿದರೆ "ಇರುವೆ ತಿಂದ್ವು" ಅನ್ನುತ್ತಿದ್ದಳು.

ಹುಣ್ಣಿಮೆಯ ಮಧ್ಯಾಹ್ನ ಡೆಪ್ಯುಟಿ ಕಮಿಷನರು ಬಂದರು, ಭಾಷಣ ಮಾಡಿದರು, ಮಾದರಿಯನ್ನು ಒಂದು ಸುತ್ತು ಹಾಕಿ "ವೆರಿ ಗುಡ್" ಎಂದರು, ಹೋದರು. ಅಮಲ್ದಾರರು ಬೆವರು ಒರೆಸಿಕೊಂಡು ಬಾಗಿಲು ಹಾಕಿಸುವವರಿದ್ದರು. ಆಗ ಹೊರಗೆ ಗಾಡಿಗಳ ಗೆಜ್ಜೆ ಸದ್ದು ಕೇಳಿತು.

ಸುತ್ತಲಿನ ಹಳ್ಳಿಗಳಿಗೆ ಸುದ್ದಿ ಹೇಗೆ ಹಬ್ಬಿತ್ತೋ ಕಾಣೆ. ಹಾಳುಪೇಟೆಯಿಂದ ಚದುರಿಹೋಗಿದ್ದ ಮುದುಕರು, ಮುದುಕಿಯರು ಮೊಮ್ಮಕ್ಕಳ ಭುಜ ಹಿಡಿದು ಇಳಿಯುತ್ತಿದ್ದರು. ಗಡಿಯಾಚೆಯಿಂದಲೂ ಒಂದು ಗಾಡಿ ಬಂದಿತ್ತು. ಒಳಗೆ ಬಂದವರು ಹಲಗೆಯ ಸುತ್ತ ಮುತ್ತಿಕೊಂಡರು. ಆಮೇಲೆ ಶುರುವಾಯಿತು ನೋಡಿ. "ನಮ್ಮನೆ! ಇದೇ ನಮ್ಮನೆ!" "ಏ, ನಮ್ಮ ಜಗಲಿ ನೋಡೋ!" ಒಬ್ಬ ಮುದುಕ ತನ್ನ ಮನೆಯ ಬೆಳಕಿಂಡಿಯೊಳಗೆ ಕಣ್ಣಿಟ್ಟು ಒಳಗೆ ಯಾರಿದ್ದಾರೆ ಎಂದು ನೋಡುತ್ತಿದ್ದ. ನಾಯಿಯ ಮನೆಯವರು ನಾಯಿ ಎಲ್ಲಿ ಎಂದು ತಕರಾರು ತೆಗೆದರು. ಇನ್ನೊಬ್ಬರು ತಮ್ಮ ಬಾಗಿಲು ತಪ್ಪು ದಿಕ್ಕಿಗಿದೆ ಎಂದು ಮೇಷ್ಟ್ರ ಮೇಲೆ ಏರಿಹೋದಾಗ ಬಾಗಿಲಿನಿಂದ ಅಜ್ಜಿಯ ದನಿ ಬಂತು.

"ಸರಿಯಾಗೈತೆ ಬಿಡ್ರಿ. ನಿಮ್ಮವ್ವ ಆ ಬಾಗ್ಲಾಗೇ ನಿಂತು ಬಾವಿ ಕಡೆ ಹೋಗೋರ್ನೆಲ್ಲಾ ಬೈತಿದ್ಲು. ಬಾಗ್ಲು ತಿರುಗಿಸಿದ್ರೆ ಆಯಮ್ಮ ಯಾರಿಗೆ ಬೈಬೇಕು?"

ಎಲ್ಲರೂ ನಕ್ಕರು, ಅವರೂ ನಕ್ಕರು. ನಾನು ಓಡಿ ಹೋಗಿ ಅಜ್ಜಿಯ ಕೈ ಹಿಡಿದುಕೊಂಡೆ. ಸೆರಗಿನ ಕೆಳಗೆ ಏನನ್ನೋ ತಟ್ಟೆಯಲ್ಲಿ ಮುಚ್ಚಿ ಹಿಡಿದಿದ್ದಳು. ಮುಖದಲ್ಲಿ ನಗು. ಹಲಗೆಯ ಅಂಚಿಗೆ ಬಂದು ಬಗ್ಗಿದಳು. ಅಗಸೆ ನೋಡಿದಳು, ಊರಮ್ಮನ ಗುಡಿ ನೋಡಿದಳು, ಒಂದೊಂದೇ ಓಣಿಯಲ್ಲಿ ಕಣ್ಣು ಓಡಿಸಿದಳು. ಬಸವಣ್ಣನ ಗುಡಿಯ ಹತ್ತಿರ ಅವಳ ಕಣ್ಣು ನಿಂತಿತು. ಇನ್ನೊಮ್ಮೆ ಬಗ್ಗಿದಳು.

"ನಮ್ಮನೆ ಎಲ್ಲೈತೇ?" ಎಂದು ನನ್ನನ್ನು ಕೇಳಿದಳು.

ನಾನು ನೋಡಿದೆ. ಮೇಷ್ಟ್ರು ತಮ್ಮ ಪುಸ್ತಕ ತೆರೆದು ಪಟ್ಟಿಯ ಮೇಲೆ ಬೆರಳು ಓಡಿಸಿದರು. ಆ ಕ್ಷಣಕ್ಕೆ ನನಗೆ ಹೊಳೆಯಿತು. ಅಜ್ಜಿ ಕರೆದ ಮನೆಗಳೆಲ್ಲ ಅಲ್ಲಿದ್ದವು. ಕರೆಯುವವಳು ತನ್ನ ಮನೆಯನ್ನು ತಾನೇ ಹೇಗೆ ಕರೆದಾಳು? ಆ ಬಾಗಿಲಿಗೆ ಕುಂಕುಮ ಹಿಡಿದು ಯಾರೂ ಹೋಗಿರಲಿಲ್ಲ, ಹಾಗಾಗಿ ಅಲ್ಲಿ ನನ್ನ ಯಾವ ಹುಡುಗಿಯೂ ನಿಂತಿರಲಿಲ್ಲ. ನಿಮ್ಮನೆಯೇ ಮೊದಲು ಎಂದವರು ಕೊನೆಗೂ ಅದನ್ನು ಬಿಟ್ಟುಬಿಟ್ಟಿದ್ದರು. ಇನ್ನೊಮ್ಮೆ ಕೇಳಿ ಕಟ್ಟೋಣವೆಂದರೆ ಹಾಳುಪೇಟೆಯ ಮಣ್ಣಿನಲ್ಲೂ ಅವಳಿಗೆ ಆ ಜಾಗ ಸಿಕ್ಕಿರಲಿಲ್ಲ.

ಅಜ್ಜಿ ಅಳಲಿಲ್ಲ. "ಹೌದಲ್ಲಾ, ನಾನು ಕರೀಲೇ ಇಲ್ಲ" ಎಂದಳು. ತಟ್ಟೆಯನ್ನು ಸೆರಗಿನೊಳಗೆ ಇನ್ನಷ್ಟು ಮರೆ ಮಾಡಿಕೊಂಡಳು. ನನಗೆ ಅಳು ಬಂತು.

ಆಗ ಕಂಬಳಿ ನೇಯುವವರ ಸಾಲಿನ ಮುದುಕಿಯೊಬ್ಬಳು ಮುಂದೆ ಬಂದಳು. ಅವಳೂ ಅಜ್ಜಿಯ ಹಾಗೆ ಬೋಳು ಹಣೆಯವಳು, ಹಲ್ಲೆಲ್ಲ ಬಿದ್ದಿದ್ದವು.

"ನೀನು ಕರೀಲಿಲ್ಲಾಂದ್ರೆ ಏನಾತು? ನಾವು ವರ್ಷ ವರ್ಷ ಬರ್ತಿದ್ದದ್ದು ಎಲ್ಲಿಗೆ?" ಎಂದು ತನ್ನ ಮನೆಯ ಬಾಗಿಲ ಮುಂದೆ ಬೆರಳಿಟ್ಟಳು. "ಇಲ್ಲಿಂದ ತಟ್ಟೆ ಹಿಡ್ಕೊಂಡು ಹೊರಡ್ತಿದ್ದೆ. ದೀಪ ಆರಬಾರ್ದು ಅಂತ ಈ ಗೋಡೆ ಮಗ್ಗುಲಿಗೇ ಬರ್ತಿದ್ದೆ. ಇಲ್ಲಿ ತಿರುಗ್ತಿದ್ದೆ." ಬೆರಳು ಓಣಿಯಲ್ಲಿ ನಡೆಯಿತು.

ನೀಲಿಯವರ ಮಗಳು ಅವಳ ಎದುರಿನಿಂದ ಬೆರಳಿಟ್ಟಳು. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರ ಮನೆಯ ಇಬ್ಬರು ಮುದುಕಿಯರೂ ಒಟ್ಟಿಗೆ ಬೆರಳಿಟ್ಟರು. ಗಡಿಯಾಚೆಯವಳು ಸುಂಕದಕಟ್ಟೆಯ ಹಗ್ಗದ ಕೆಳಗೆ ಬೆರಳು ನುಸಿಸಿ ತಂದಳು. ಸುಕ್ಕುಬಿದ್ದ, ಗಂಟುಗಟ್ಟಿದ ಬೆರಳುಗಳು ಐದೂ ಓಣಿಯಿಂದ ಮೆಲ್ಲಗೆ, ದೀಪ ಆರದ ಹಾಗೆ, ಒಂದೇ ಕಡೆಗೆ ಬಂದವು. ಬಸವಣ್ಣನ ಗುಡಿಯ ಎಡಕ್ಕೆ ಜಾಗ ಖಾಲಿ ಕಾಣುತ್ತದೆಂದು ಮೇಷ್ಟ್ರು ಕಡ್ಡಿಯ ಒಂದು ಬೇವಿನಮರ ನೆಟ್ಟಿದ್ದರು; ಅದರ ಬುಡದಲ್ಲಿ ಎಲ್ಲ ಬೆರಳುಗಳೂ ಒಂದಕ್ಕೊಂದು ತಾಕಿ ನಿಂತವು. ಮೇಷ್ಟ್ರು ಬೇವಿನಮರವನ್ನು ಕಿತ್ತರು.

ಕಂಬಳಿಯವರ ಮುದುಕಿ ತಲೆ ಎತ್ತಿ ಅಜ್ಜಿಯನ್ನು ನೋಡಿದಳು.

"ಆರತಿಗೆ ಬಂದೀವಿ ಕಣೇ. ಬಾಗ್ಲು ತೆಗಿ."

ಅಜ್ಜಿ ಸೆರಗು ಸರಿಸಿದಳು. ತಟ್ಟೆಯಲ್ಲಿ ಬೆಳ್ಳಗೆ ಹೊಳೆಯುವ ಒಂದು ಸಕ್ಕರೆ ಮಂಟಪವಿತ್ತು. ಊರಿನ ಎಲ್ಲ ಮನೆಯನ್ನೂ ಒತ್ತಿದ ಅದೇ ಅಚ್ಚು. ನನ್ನ ನಾಲ್ಕು ತಿಂಗಳ ಕಾಫಿಯ ಸಕ್ಕರೆ ಅದರಲ್ಲಿತ್ತು. ತವರಿನ ಹೊಸ್ತಿಲಲ್ಲಿ ಇಟ್ಟು ಬೆಳಗಬೇಕೆಂದು ತಂದವಳು ಅದನ್ನೇ ಎತ್ತಿ, ಬೆರಳುಗಳು ಬಿಟ್ಟುಕೊಟ್ಟ ಜಾಗದಲ್ಲಿ ಇಟ್ಟಳು. ಮುಖವನ್ನು ಅದರ ಹತ್ತಿರಕ್ಕೆ ಒಯ್ದು ಒಳ್ಳೆಯ ಕಣ್ಣಿನಿಂದ ತುಂಬ ಹೊತ್ತು ನೋಡಿದಳು. ಕೆಮ್ಮಣ್ಣಿನ ಊರಿನ ನಡುವೆ ಅದೊಂದೇ ಬಿಳಿ ಮನೆ. ಅಮಲ್ದಾರರೇ ತಟ್ಟೆಯಲ್ಲಿದ್ದ ದೀಪಕ್ಕೆ ಕಡ್ಡಿ ಗೀರಿದರು. ಮುದುಕಿಯರು ಗೌರಮ್ಮನ ಹಾಡು ಎತ್ತಿಕೊಂಡರು. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷಪಟ್ಟ ಸಂಜೆ ಬೇರೆ ಇಲ್ಲ, ನನ್ನ ಮದುವೆಯ ಸಂಜೆಯನ್ನೂ ಸೇರಿಸಿಯೇ ಹೇಳುತ್ತೇನೆ.

ಮಾರನೆಯ ಬೆಳಿಗ್ಗೆ ಮೇಷ್ಟ್ರು ಏದುಸಿರು ಬಿಡುತ್ತ ಓಡಿ ಬಂದರು. ನಾನೂ ಅಜ್ಜಿಯೂ ಚಾವಡಿಗೆ ಹೋದೆವು. ಅಗಸೆಯಿಂದ ಒಂದು ಸಾಲು, ಸುಂಕದಕಟ್ಟೆಯಿಂದ ಒಂದು ಸಾಲು, ಐದೂ ಓಣಿಗಳಲ್ಲಿ ಇರುವೆಗಳು ಶಿಸ್ತಾಗಿ ನಡೆದು ಬರುತ್ತಿದ್ದವು. ಮೆಂತ್ಯದ ಮನೆಗಳ ಕಡೆಗೆ ಒಂದೂ ತಲೆ ಹಾಕಿರಲಿಲ್ಲ. ಎಲ್ಲವೂ ಅಜ್ಜಿಯ ಮನೆಗೇ. ಆಗಲೇ ಒಂದು ಮೂಲೆ ಕರಗಿತ್ತು.

"ಬೂದಿ ತರ್ತೀನಿ" ಎಂದು ನಾನು ತಿರುಗಿದೆ. ಅಜ್ಜಿ ನನ್ನ ಕೈ ಹಿಡಿದು ನಿಲ್ಲಿಸಿದಳು. ಬಗ್ಗಿ ನೋಡಿದಳು. ಅವಳ ಬೊಚ್ಚುಬಾಯಿ ತುಂಬ ನಗು.

"ಸುಮ್ನಿರೇ. ಯಾರೂ ಕರೀದೇನೇ ನಮ್ಮನೆಗೆ ಬಂದಾವೆ. ಬಂದೋರನ್ನ ಓಡಿಸ್ತಾರೇನು?"

ನಾವು ಓಡಿಸಲಿಲ್ಲ.